ಕೈಗುಣವೂ ಬೇಡ, ಎರೆಹುಳುವೂ ಬೇಡ

ಬಡಾವಣೆಯವರು ಸೇರಿ ತೋಟ ಮಾಡೋಣವೆಂದಾಗ ಹಿಂಜರಿಯುವವರ ಮೊದಲ ಮಾತು ಇದು: ‘ನನಗೆ ಕೈಗುಣ ಇಲ್ಲರೀ, ನೆಟ್ಟದ್ದು ಬದುಕಲ್ಲ.’ ಕೈಗುಣದ ಮೇಲೆ ಹಾಕುವ ಈ ಅಪವಾದ ಸಾಮಾನ್ಯವಾಗಿ ನೀರಿನ ಚೊಂಬಿಗೆ ಸೇರಬೇಕಾದದ್ದು. ಬೇರಿಗೂ ಗಾಳಿ ಬೇಕು. ಮಣ್ಣು ಸದಾ ಕೆಸರಾಗಿದ್ದರೆ ಬೇರು ಕೊಳೆತು ಎಲೆ ಹಳದಿಯಾಗುತ್ತದೆ. ಅದನ್ನು ಕಂಡವರು ನೀರು ಸಾಲಲಿಲ್ಲವೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ತೇವ ತಾಕಿದರೆ ಅವತ್ತು ನೀರು ಬೇಡ. ಹತ್ತು ಜನರ ತೋಟದಲ್ಲಂತೂ ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು, ನಡುವೆ ವಾಚ್‌ಮನ್ ಕೂಡ ನೀರು ಹಾಕಿರುತ್ತಾರೆ. ಗೋಡೆಗೆ ಸರದಿಪಟ್ಟಿ ಅಂಟಿಸುವುದು ಅದಕ್ಕೇ.

ಮಧ್ಯಾಹ್ನ ನೀರು ಬಿದ್ದರೆ ಹನಿ ಭೂತಗನ್ನಡಿಯಾಗಿ ಎಲೆ ಸುಡುತ್ತದೆ ಎನ್ನುವವರೂ ಇದ್ದಾರೆ. ಬುಡಾಪೆಸ್ಟಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಯವಾದ ಎಲೆಗಳ ಮೇಲೆ ಕೂತ ಹನಿ ಏನೂ ಸುಡಲಿಲ್ಲ; ಮೈತುಂಬ ರೋಮವಿರುವ ಒಂದು ತೇಲುವ ಜರೀಗಿಡದಲ್ಲಿ ಮಾತ್ರ ಸುಟ್ಟ ಗುರುತು ಕಂಡಿತು. ಬೆಳಿಗ್ಗೆ ನೀರು ಹಾಕಬೇಕೆನ್ನುವುದು ಸರಿಯೇ, ಆದರೆ ಕಾರಣ ಬೇರೆ: ಮಧ್ಯಾಹ್ನ ಹಾಕಿದ್ದರಲ್ಲಿ ಒಂದು ಪಾಲು ಬೇರು ಮುಟ್ಟುವ ಮೊದಲೇ ಆವಿಯಾಗುತ್ತದೆ.

ಜಗಳ ಏಳುವುದು ಮಾತ್ರ ಗೊಬ್ಬರದ ಗುಂಡಿಯ ಬಳಿ. ಮಾವಳ್ಳಿಪುರದ ಕಸದ ಗುಡ್ಡಕ್ಕೆ 2012ರಲ್ಲಿ ಬೀಗ ಬಿದ್ದು, ಬೆಂಗಳೂರಿನ ಬೀದಿಗಳಲ್ಲೇ ಕಸ ರಾಶಿಯಾಗಿ, ಮನೆಯಲ್ಲೇ ಹಸಿಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಅಲ್ಲಿಂದೀಚೆಗೆ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಾಂಪೋಸ್ಟ್ ತೊಟ್ಟಿ ಬಂದಿದೆ. ‘ಅದು ನಾರುತ್ತೆ, ನನ್ನ ಕಿಟಕಿ ಕೆಳಗೆ ಬೇಡ’ ಎಂಬ ತಕರಾರು ಮಾತ್ರ ಹೋಗಿಲ್ಲ. ನಾರುವುದು ಗಾಳಿಯಿಲ್ಲದ ಗೊಬ್ಬರ. ತರಕಾರಿ ಸಿಪ್ಪೆಯನ್ನೇ ಸುರಿಯುತ್ತ ಹೋದರೆ ಅದು ಲೋಳೆಯಾಗಿ ಗಬ್ಬು ಹಿಡಿಯುತ್ತದೆ. ಒಂದು ಬುಟ್ಟಿ ಸಿಪ್ಪೆಗೆ ಎರಡು ಬುಟ್ಟಿ ತರಗೆಲೆ ಹಾಕಿ, ವಾರಕ್ಕೊಮ್ಮೆ ಸಲಿಕೆಯಿಂದ ಮಗುಚಿದರೆ ರಾಶಿ ಒಳಗೊಳಗೇ 55–60 ಡಿಗ್ರಿ ಕಾಯುತ್ತದೆ, ಬರುವುದು ಕಾಡುಮಣ್ಣಿನ ವಾಸನೆ. ಹದ ತಿಳಿಯಲು ಒಂದು ಹಿಡಿ ತೆಗೆದು ಹಿಂಡಿ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು. ಮುದ್ದೆ ಕಟ್ಟಿ ಒಂದೆರಡು ಹನಿ ಒಸರಿದರೆ ಸರಿಯಾಗಿದೆ. ಹೊಂಗೆ ಎಲೆಯುದುರುವ ಕಾಲದಲ್ಲಿ ರಸ್ತೆಬದಿ ಗುಡಿಸಿ ಬೆಂಕಿ ಹಚ್ಚುವ ಎಲೆ ಇದೆಯಲ್ಲ, ತೋಟಕ್ಕೆ ಬೇಕಾದದ್ದು ಅದೇ. ಅದನ್ನು ಚೀಲಕ್ಕೆ ತುಂಬಿ ತರುವವರು ಸಸಿ ಖರೀದಿಸಿ ತರುವವರಿಗಿಂತ ದೊಡ್ಡ ಸಹಾಯ ಮಾಡುತ್ತಾರೆ.

ಎರೆಹುಳು ಬಿಡದೆ ಗೊಬ್ಬರವಾಗುವುದಿಲ್ಲ ಎಂಬುದೂ ಸುಳ್ಳು. ಇಲ್ಲಿ ದುಡಿಯುವುದು ಬ್ಯಾಕ್ಟೀರಿಯ, ಶಿಲೀಂಧ್ರ. ಕಾದ ರಾಶಿಗೆ ಎರೆಹುಳು ಬಿಟ್ಟರೆ ಅವು ಸಾಯುತ್ತವೆ. ಹಸಿ ಸಗಣಿಯನ್ನು ನೇರ ಬುಡಕ್ಕೆ ಹಾಕುವುದೂ ಬೇಡ. ಅದರ ಕಾವಿಗೆ ಬೇರು ಬೇಯುತ್ತದೆ, ಕಳೆಬೀಜವೂ ಬಿಟ್ಟಿಯಾಗಿ ಬರುತ್ತದೆ. ಕಳಿತ ಕೊಟ್ಟಿಗೆ ಗೊಬ್ಬರವೇ ಆಗಬೇಕು.

ಸಾಲಿಗೊಂದು ಚೆಂಡುಹೂ ನೆಟ್ಟರೆ ಹುಳವೇ ಬರುವುದಿಲ್ಲವಂತೆ. ಚೆಂಡುಹೂವಿನ ಬೇರು ಮಣ್ಣಿನೊಳಗಿನ ಜಂತುಹುಳುಗಳನ್ನು ತಗ್ಗಿಸುವುದು ನಿಜ, ಅದೂ ಪಾತಿ ತುಂಬ ಬೆಳೆದಾಗ. ಅವರೆ ಬಳ್ಳಿಯ ಹೇನು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಪಾರ್ಕಿನ ಖಾಲಿ ಮೂಲೆಯಲ್ಲಿ ಬದನೆ ಹಾಕಲು ಯಾರನ್ನು ಕೇಳಬೇಕು ಎನ್ನುವವರು, ಉದ್ಯಾನ ಮತ್ತು ಆಟದ ಬಯಲುಗಳನ್ನು ಕಾಪಾಡಲೆಂದೇ 1985ರಿಂದ ರಾಜ್ಯದಲ್ಲಿ ಕಾಯ್ದೆಯಿದೆ ಎಂಬುದನ್ನು ಗಮನಿಸಬೇಕು. ಒಳ್ಳೆಯ ಕೆಲಸವೆಂದ ಮಾತ್ರಕ್ಕೆ ಪಾಲಿಕೆಯ ಅನುಮತಿ ತಪ್ಪುವುದಿಲ್ಲ. ಖಾಲಿ ಸೈಟಾದರೆ ಮಾಲೀಕರ ಒಪ್ಪಿಗೆ ಬೇಕು, ಅಗೆದರೆ ಸಿಗುವುದು ಇಟ್ಟಿಗೆ ಚೂರು, ಸಿಮೆಂಟು. ಅಲ್ಲಿ ಬೇರೆ ಮಣ್ಣು ತಂದು ಏರುಮಡಿ ಮಾಡುವುದು ಲೇಸು.

ಇನ್ನು ‘ಪುಕ್ಕಟೆ ತರಕಾರಿ’ಯ ವಿಷಯ. ಹರಿವೆ, ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತವೆ. ಟೊಮೇಟೊಗೆ ಮೂರು ತಿಂಗಳಾದರೂ ಬೇಕು, ದಿನಕ್ಕೆ ಆರು ಗಂಟೆ ಬಿಸಿಲೂ ಬೇಕು. ಬಂದದ್ದನ್ನು ಹತ್ತು ಮನೆಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ಹೊತ್ತಿನ ಬಸ್ಸಾರಿಗಾದರೆ ಪುಣ್ಯ. ಸೊಪ್ಪಿನ ಲೆಕ್ಕಕ್ಕೇ ಬರುವವರಿಗೆ ಹಾಪ್‌ಕಾಮ್ಸ್ ಮಳಿಗೆಯೇ ವಾಸಿ.