ಹಲವು ವಾದ್ಯ, ಒಂದು ಸಂವಾದ

ಕುಂದಾಪುರ, ಬೈಂದೂರು, ಬ್ರಹ್ಮಾವರದ ವಿದ್ಯಾರ್ಥಿಗಳಿಗೆ ಯಕ್ಷಗಾನದ ಹಿಮ್ಮೇಳ ಹೊಸದೇನಲ್ಲ. ಭಾಗವತರ ಪದಕ್ಕೆ ಮದ್ದಳೆ ಜೊತೆಗೂಡುತ್ತದೆ. ವೀರರಸದ ಸನ್ನಿವೇಶದಲ್ಲಿ ಚೆಂಡೆ ಮೊಳಗುತ್ತದೆ. ಎಲ್ಲರೂ ಒಮ್ಮೆಲೇ ಅಬ್ಬರಿಸಿದರೆ ಪದವೇ ಕೇಳಿಸದು. ಹಲವರು ಕೂಡಿದಾಗ ಪ್ರತಿಯೊಬ್ಬರ ದನಿಯೂ ಕೇಳುವಂತೆ ಮಾಡುವುದು ಹೇಗೆ? ಈ ಪ್ರಶ್ನೆಗೆ ಪಾಶ್ಚಾತ್ಯ ಸಂಗೀತ ಕಂಡುಕೊಂಡ ಉತ್ತರಗಳಲ್ಲಿ ‘ಸಿನ್ಫೋನಿಯಾ ಕನ್ಸರ್ಟಾಂಟೆ’ ಒಂದು.

ಸಿಂಫೊನಿಯಲ್ಲಿ ಇಡೀ ವಾದ್ಯವೃಂದಕ್ಕೆ ಪ್ರಾಧಾನ್ಯ. ಕನ್ಸರ್ಟೊದಲ್ಲಿ ಸಾಮಾನ್ಯವಾಗಿ ಒಬ್ಬ ವಾದಕ ಮುಂದೆ ನಿಲ್ಲುತ್ತಾನೆ. ಇವೆರಡರ ನಡುವಿನ ಈ ಪ್ರಕಾರದಲ್ಲಿ ಇಬ್ಬರು, ಮೂವರು ಅಥವಾ ಇನ್ನೂ ಹೆಚ್ಚು ಮಂದಿ ಪ್ರಧಾನ ವಾದಕರಿರುತ್ತಾರೆ. ಅವರು ತಮ್ಮೊಳಗೂ ವೃಂದದೊಡನೆಯೂ ಸಂವಾದ ನಡೆಸುತ್ತಾರೆ. 1770ರ ದಶಕದಲ್ಲಿ ಪ್ಯಾರಿಸ್, ಮ್ಯಾನ್‌ಹೈಮ್ ನಗರಗಳಲ್ಲಿ ಇದು ಬಹು ಜನಪ್ರಿಯವಾಗಿತ್ತು.

1779ರಲ್ಲಿ ಮೊಜಾರ್ಟ್ ಪಿಟೀಲು ಮತ್ತು ವಯೊಲಾಗಳಿಗಾಗಿ ಇಂಥ ಕೃತಿಯೊಂದನ್ನು ರಚಿಸಿದ. ವಯೊಲಾ ಪಿಟೀಲಿಗಿಂತ ತುಸು ದೊಡ್ಡದು. ಅದರ ನಾದ ಮಂದ್ರ. ವೃಂದದ ನಡುವೆ ಅದು ಮುಳುಗಿಹೋಗುವ ಸಂಭವವಿದೆ. ಆದುದರಿಂದ ಅದರ ತಂತಿಗಳನ್ನು ಅರ್ಧ ಸ್ವರದಷ್ಟು ಏರಿಸಿ ಶ್ರುತಿಮಾಡುವಂತೆ ಮೊಜಾರ್ಟ್ ಬರೆದ. ತಂತಿ ಬಿಗಿಯಾದಾಗ ನಾದ ಹೊಳಪುಗೊಳ್ಳುತ್ತದೆ. ಪಿಟೀಲಿನ ದನಿಯನ್ನು ಕುಗ್ಗಿಸದೆಯೇ ವಯೊಲಾಕ್ಕೆ ಸಮಾನ ಸ್ಥಾನ ದೊರೆಯಿತು. 1792ರಲ್ಲಿ ಹೇಡನ್ ಲಂಡನ್ನಿನಲ್ಲಿ ಪಿಟೀಲು, ಚೆಲ್ಲೊ, ಓಬೋ, ಬಸೂನ್ ಎಂಬ ನಾಲ್ಕು ವಾದ್ಯಗಳನ್ನು ಹೀಗೆಯೇ ಮುಂದೆ ತಂದ.

ನಮ್ಮ ಹಿಮ್ಮೇಳದ ಸ್ವರೂಪ ಬೇರೆ. ಅಲ್ಲಿ ಭಾಗವತರೇ ಸೂತ್ರಧಾರರು. ಆದರೂ ಹೊಸ ದನಿಗೆ ಎಡೆಮಾಡುವ ಪ್ರಶ್ನೆ ಇಲ್ಲಿಯೂ ಎದುರಾಗಿದೆ. ಕೋಟದಲ್ಲಿ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಮಾತುಗಾರಿಕೆಯನ್ನು ಬಿಟ್ಟು, ಕಥೆಯ ಭಾರವನ್ನು ಹಾಡು, ಕುಣಿತ, ವಾದ್ಯಗಳ ಮೇಲೆ ಹೊರಿಸಿದರು. ಚೆಂಡೆ, ಮದ್ದಳೆಗಳ ಪೆಟ್ಟು ಕ್ಷಣದಲ್ಲಿ ಕರಗುತ್ತದೆ. ನಾದವನ್ನು ಎಳೆದು ನಿಲ್ಲಿಸಬಲ್ಲ ಪಿಟೀಲು ಮತ್ತು ಸ್ಯಾಕ್ಸೊಫೋನ್‌ಗಳನ್ನು ಅವರು ಹಿಮ್ಮೇಳಕ್ಕೆ ಸೇರಿಸಿಕೊಂಡರು. ಇದನ್ನು ಮೆಚ್ಚಿದವರಿದ್ದಂತೆ ಆಕ್ಷೇಪಿಸಿದವರೂ ಇದ್ದರು.

ಮೊಜಾರ್ಟನ ಕೃತಿಯನ್ನು ಕೇಳುವ ಅವಕಾಶ ಸಿಕ್ಕಾಗ ಒಂದು ಅಂಶವನ್ನು ಗಮನಿಸಿ: ಪಿಟೀಲು ನುಡಿದುದನ್ನು ವಯೊಲಾ ತನ್ನ ದನಿಯಲ್ಲಿ ಮರುನುಡಿಯುವಾಗ ಪಿಟೀಲು ಏನು ಮಾಡುತ್ತಿದೆ? ಮುಂದಿನ ಸಲ ಆಟಕ್ಕೆ ಹೋದಾಗ ಇದೇ ಪ್ರಶ್ನೆಯನ್ನು ಮದ್ದಳೆ, ಚೆಂಡೆಗಳ ಬಗೆಗೂ ಕೇಳಿಕೊಳ್ಳಿ. ನುಡಿಸುವುದರಷ್ಟೇ ದೊಡ್ಡ ವಿದ್ಯೆ, ಇನ್ನೊಬ್ಬರಿಗೆ ಎಡೆಕೊಡುವುದು.