ಮೀನಿನ ತೊಟ್ಟಿಯ ಸಾಗಣೆ

ಮನೆ ಬದಲಾಯಿಸುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು. ಪಾತ್ರೆಪಡಗಗಳನ್ನು ಗೋಣಿಯಲ್ಲಿ ಕಟ್ಟಬಹುದು. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಬಹುದು. ನಿಲುಗನ್ನಡಿಯನ್ನು ಹಾಸಿಗೆಯಲ್ಲಿ ಸುತ್ತಿ ಕಳುಹಿಸಬಹುದು. ಆದರೆ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದ್ದು, ಅದರಲ್ಲಿ ಹತ್ತಿಪ್ಪತ್ತು ಮೀನುಗಳು ಸುಖವಾಗಿ ಸಂಸಾರ ಮಾಡಿಕೊಂಡಿದ್ದರೆ, ಅದನ್ನು ಹೇಗೆ ಸಾಗಿಸತಕ್ಕದ್ದು? ಈ ವಿಷಯವಾಗಿ ಶ್ರೋತೃಗಳಲ್ಲಿ ಎರಡು ಮಾತುಗಳನ್ನು ಅರಿಕೆಮಾಡಿಕೊಳ್ಳಬೇಕೆಂದಿದ್ದೇನೆ.

ಮೊದಲು ನನ್ನ ಸೋಲನ್ನೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಬೆಂಗಳೂರಿಗೆ ನಮ್ಮ ಸಂಸಾರ ಹೊರಟಾಗ ತೊಟ್ಟಿಯೂ ಜೊತೆಯಲ್ಲಿ ಹೊರಟಿತು. ಮೀನುಗಳನ್ನು ಬಹಳ ಜೋಪಾನವಾಗಿ ತಂದೆವು. ದಾರಿಯಲ್ಲಿ ಒಂದಾದರೂ ಸಾಯಲಿಲ್ಲ. ಹೊಸ ಮನೆಯ ತೊಟ್ಟಿಯಲ್ಲಿ ಅವು ಓಡಾಡುವುದನ್ನು ಕಂಡು ನಾನು ಬೀಗಿದೆನೆಂದೇ ಹೇಳಬೇಕು. ನಾಲ್ಕನೆಯ ದಿನ ಅವು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗಿದವು. ವಾರ ಕಳೆಯುವುದರೊಳಗೆ ಅರ್ಧಕ್ಕರ್ಧ ತೀರಿಹೋದವು. ತಪ್ಪು ಲಾರಿಯದಲ್ಲ, ದಾರಿಯದೂ ಅಲ್ಲ. ಹೊಸ ಮನೆಗೆ ಹಳೆಯ ಕೊಳೆ ಏಕೆಂದು ಹೊರಡುವ ಮುನ್ನ ನಾನು ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದ್ದೆನು. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವವನು ಹೀಗೆ ಮಾಡಿದನೆಂಬುದು ನನಗೆ ಇಂದಿಗೂ ನಾಚಿಕೆಯ ಸಂಗತಿ.

ಸ್ಪಂಜಿಗೂ ಮೀನಿನ ಪ್ರಾಣಕ್ಕೂ ಏನು ಸಂಬಂಧವೆಂದು ಕೇಳಬಹುದು. 1850ರಲ್ಲಿ ಲಂಡನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಎಂಬಾತನು ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನು, ನೀರಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ನೀರನ್ನು ಬದಲಾಯಿಸದೆಯೆ ಬಹುಕಾಲ ಬಾಳಿಸಿದ ಪ್ರಯೋಗವನ್ನು ಪ್ರಕಟಿಸಿದನು. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಆಮ್ಲಜನಕ ಮೀನಿಗೆ, ಕೊಳೆತ ಎಲೆ ಹುಳುವಿಗೆ. ಲೆಕ್ಕ ಸರಿಹೋಯಿತೆಂದು ಆಗಿನವರು ಭಾವಿಸಿದರು. ಲೆಕ್ಕದಲ್ಲಿ ಒಬ್ಬ ಪಾಲುದಾರನು ಬಿಟ್ಟುಹೋಗಿದ್ದನು. ಮೀನು ತನ್ನ ಕಿವಿರುಗಳಿಂದ ಎಡೆಬಿಡದೆ ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಇದನ್ನು ಕಳೆಯುವವರು ಯಾರು? ವಿನೋದವೇನೆಂದರೆ, ಉತ್ತರದ ದಾರಿಯಲ್ಲಿ ಬಹುದೂರ ನಡೆದವನು ಅದೇ ವಾರಿಂಗ್ಟನ್ನನ ಮಗ. ತಂದೆಯ ಹೆಸರನ್ನೇ ಹೊತ್ತ ಈತನು ಇಂಗ್ಲೆಂಡಿನ ರಾಥಮ್‌ಸ್ಟೆಡ್ ವ್ಯವಸಾಯ ಪ್ರಯೋಗಶಾಲೆಯಲ್ಲಿ ಮಣ್ಣನ್ನು ಪರೀಕ್ಷಿಸುತ್ತ, ಅಮೋನಿಯವು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡುವುದು ಸೂಕ್ಷ್ಮಜೀವಿಗಳ ಕೆಲಸವೆಂದು ತೋರಿಸಿದನು. ಆ ಜೀವಿಗಳನ್ನು ಬೇರ್ಪಡಿಸುವುದು ಮಾತ್ರ ಅವನಿಗೆ ಕೈಗೂಡಲಿಲ್ಲ. ರಷ್ಯದ ವಿನೊಗ್ರಾಡ್‌ಸ್ಕಿಯು 1890ರ ಸುಮಾರಿಗೆ ಅದನ್ನು ಸಾಧಿಸಿದನು. ಎರಡು ಹೆಜ್ಜೆಗಳಿಗೆ ಎರಡು ಬಗೆಯ ಜೀವಿಗಳು ಬೇಕೇ ಬೇಕೆಂದು ಒಂದು ಶತಮಾನಕ್ಕೂ ಮೀರಿ ನಂಬಿದ್ದೆವು. 2015ರಲ್ಲಿ ಎರಡನ್ನೂ ಒಂದೇ ನಡೆಸಬಲ್ಲ ನೈಟ್ರೋಸ್ಪೈರ ಎಂಬ ಕುಲದ ಜೀವಿಗಳು ಪತ್ತೆಯಾದವು. ಅವುಗಳಲ್ಲಿ ಕೆಲವು ದೊರೆತದ್ದು ಮೀನು ಸಾಕುವ ನೀರಿನ ಶೋಧಕದಲ್ಲಿಯೇ.

ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಅತ್ಯಲ್ಪ. ಸ್ಪಂಜು, ಗರಸು, ಗಾಜು, ಎಲೆ—ಹೀಗೆ ಯಾವುದಾದರೊಂದು ಮೈಗೆ ಅಂಟಿಕೊಂಡು, ಲೋಳೆಯಂಥ ಪೊರೆಯಲ್ಲಿ ಅವು ಒಕ್ಕಲಾಗಿರುತ್ತವೆ. ನಾವು ಕೊಳೆಯೆಂದು ಜುಗುಪ್ಸೆಪಡುವ ಕಂದು ಲೋಳೆಯೇ ಆ ಒಕ್ಕಲು. ನಲ್ಲಿಯ ನೀರಿನ ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಬಿಸಿಲು ಉಳಿದವನ್ನು ತೀರಿಸುತ್ತದೆ. ಹೊಸ ಒಕ್ಕಲು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನುಗಳು ತಮ್ಮ ವಿಷದಲ್ಲಿ ತಾವೇ ಈಜಬೇಕಾಗುತ್ತದೆ.

ಆದುದರಿಂದ ಸಾಗಣೆಯಲ್ಲಿ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಶೋಧಕವನ್ನು. ಸ್ಪಂಜನ್ನೂ ಶೋಧಕದೊಳಗಿನ ಪಿಂಗಾಣಿ ಉಂಗುರಗಳನ್ನೂ ತೊಟ್ಟಿಯದೇ ನೀರು ತುಂಬಿದ ಬಾಯಗಲದ ಬಕೆಟ್ಟಿನಲ್ಲಿ ಇಡಬೇಕು. ಬಿಗಿಯಾಗಿ ಮುಚ್ಚಕೂಡದು, ಈ ಜೀವಿಗಳಿಗೂ ಆಮ್ಲಜನಕ ಬೇಕು. ಮುಚ್ಚಿದ ಶೋಧಕವನ್ನು ನೀರು ತುಂಬಿದಂತೆಯೇ ಹಾಗೆ ಹೊತ್ತೊಯ್ದರೆ ಕೆಲವು ಗಂಟೆಗಳಲ್ಲಿ ಒಳಗಿನ ಉಸಿರು ತೀರಿ, ಒಕ್ಕಲೆಲ್ಲ ಕೊಳೆಯತೊಡಗುತ್ತದೆ. ಹಳೆಯ ನೀರನ್ನು ಪೂರ್ತಿ ಹೊತ್ತೊಯ್ಯುವವರನ್ನು ಕಂಡಿದ್ದೇನೆ. ಶ್ರಮ ದೊಡ್ಡದು, ಫಲ ಸ್ವಲ್ಪ. ಮೂರನೆಯ ಒಂದು ಪಾಲು ಒಯ್ದರೆ ಮೀನುಗಳಿಗೆ ಹಠಾತ್ತಾದ ಬದಲಾವಣೆ ತಪ್ಪುತ್ತದೆ, ಅಷ್ಟೆ.

ತೊಟ್ಟಿಯಲ್ಲಿ ಸ್ವಲ್ಪ ನೀರುಳಿಸಿ ನಾಲ್ಕು ಜನ ಎತ್ತಿಬಿಡೋಣವೆಂಬ ಸಲಹೆ ಯಾವಾಗಲೂ ಬರುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಒಂಬತ್ತು ಘನ ಅಡಿ ನೀರು ಹಿಡಿಯುತ್ತದೆ; ಎಂದರೆ ಸುಮಾರು 255 ಲೀಟರು. ಅದರ ತೂಕವೂ 255 ಕಿಲೋಗ್ರಾಂ. ಹತ್ತು ಚೀಲ ಅಕ್ಕಿಯ ಭಾರ. ಗಾಜೂ ಗರಸೂ ಲೆಕ್ಕಕ್ಕೆ ಬಂದಿಲ್ಲ. ಕಾಲುಭಾಗ ಉಳಿಸಿದರೂ ಎತ್ತಿದಾಗ ನೀರು ಒಂದು ಮೂಲೆಗೆ ನುಗ್ಗಿ, ಗಾಜು ಸ್ವಲ್ಪವೇ ತಿರುಚಿ, ಅಂಟಿನ ಬೆಸುಗೆ ಬಿಡುತ್ತದೆ. ಸೋರಿಕೆ ಅಂದೇ ಕಾಣಿಸಲಾರದು. ಒಂದು ರಾತ್ರಿ ನಡುಮನೆ ಕೆರೆಯಾದಾಗ ಕಾಣಿಸುತ್ತದೆ. ಗರಸನ್ನೂ ತೆಗೆದು ಒದ್ದೆಯಾಗಿಯೇ ಬೇರೆ ಬಕೆಟ್ಟಿಗೆ ಹಾಕಿ, ಬರಿಯ ತೊಟ್ಟಿಯನ್ನು ಸಾಗಿಸುವುದೇ ಸರಿ.

ಇನ್ನು ಮೀನುಗಳು. ಹೊರಡುವ ಹಿಂದಿನ ದಿನದಿಂದ ಅವಕ್ಕೆ ಉಪವಾಸ; ಹೊಟ್ಟೆ ಬರಿದಾಗಿದ್ದರೆ ದಾರಿಯ ನೀರು ಕೆಡುವುದು ಕಡಿಮೆ. ಚೀಲದಲ್ಲಿ ನೀರು ಹೆಚ್ಚಿದ್ದಷ್ಟೂ ಕ್ಷೇಮವೆಂದು ತೋರುವುದು ಸಹಜ, ಅದು ತಪ್ಪು. ಒಂದು ಲೀಟರು ನೀರಿನಲ್ಲಿ ಕರಗಿರುವ ಆಮ್ಲಜನಕ ನಮ್ಮ ಹವೆಯಲ್ಲಿ ಎಂಟು ಮಿಲಿಗ್ರಾಮಿನಷ್ಟು. ಒಂದು ಲೀಟರು ಗಾಳಿಯಲ್ಲಿರುವುದು ಅದರ ಮೂವತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಚೀಲದ ಮೂರನೆಯ ಒಂದು ಪಾಲು ನೀರು, ಉಳಿದದ್ದು ಗಾಳಿ. ಮುಳ್ಳುಳ್ಳ ಮೀನುಗಳಿಗೆ ಚೀಲ ಬೇಡ. ಮುಚ್ಚಳವಿರುವ ಬಕೆಟ್ಟೇ ಲೇಸು. ಎಲ್ಲವನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೆ ಬಿಸಿಲು ತಾಗದು. ಕತ್ತಲಲ್ಲಿ ಮೀನುಗಳೂ ಶಾಂತವಾಗಿರುತ್ತವೆ.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮರುಕ್ಷಣವೇ ತೊಟ್ಟಿಯ ಕೆಲಸಕ್ಕೆ ಕೈಹಾಕಬೇಕು. ರಸಮಟ್ಟವಿಟ್ಟು ಪೀಠವನ್ನು ಸಮಮಾಡಿ, ನೀರು ತುಂಬಿ, ಶೋಧಕವನ್ನು ನಡೆಸಿ, ಆಮೇಲೆ ಮೀನು. ನಲ್ಲಿಯ ನೀರಾದರೆ ಕ್ಲೋರಿನ್ ಕಳೆಯಬೇಕು. ಹಿಂದೆ ಛಾಯಾಚಿತ್ರಗಾರರು ಹೈಪೋ ಎನ್ನುತ್ತಿದ್ದ ಸೋಡಿಯಂ ಥಯೋಸಲ್ಫೇಟು ಇದಕ್ಕೆ ಸಾಕು. ಬೆಂಗಳೂರಿನಲ್ಲಿ ಇನ್ನೊಂದು ತೊಡಕುಂಟು. ಒಂದು ಬೀದಿಯಲ್ಲಿ ಕಾವೇರಿಯ ಮೆದು ನೀರು. ಪಕ್ಕದ ಬಡಾವಣೆಯಲ್ಲಿ ಕೊಳವೆಬಾವಿಯ ಗಡಸು ನೀರು. ಇಂಥಲ್ಲಿ ಮೈಲಿ ದೂರದ ಸಾಗಣೆಯೂ ಮೀನಿಗೆ ದೇಶಾಂತರವೇ ಸರಿ. ಹೊಸ ನೀರನ್ನು ಲೋಟ ಲೋಟವಾಗಿ ಬೆರೆಸಿ ಒಗ್ಗಿಸಬೇಕಾಗುತ್ತದೆ.

ಆದರೆ ದೀರ್ಘ ಪ್ರಯಾಣವಾಗಿದ್ದರೆ ಇದೇ ಜಾಗ್ರತೆ ಅಪಾಯಕ್ಕೆ ತಿರುಗಬಹುದು. ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲಾಮ್ಲ ಕೂಡಿ ನೀರು ಸ್ವಲ್ಪ ಆಮ್ಲವಾಗಿರುತ್ತದೆ. ಆ ಸ್ಥಿತಿಯಲ್ಲಿ ಅಮೋನಿಯದ ಬಹುಭಾಗ ನಿರಪಾಯ ರೂಪದಲ್ಲಿ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ, ಆಮ್ಲತೆ ಇಳಿದು, ವಿಷ ಎಚ್ಚರಗೊಳ್ಳುತ್ತದೆ. ಪಿಎಚ್ ಎಂಬ ಮಾನದಲ್ಲಿ ಒಂದಂಕ ಏರಿದರೆ ವಿಷಾಂಶ ಸುಮಾರು ಹತ್ತು ಪಟ್ಟಾಗುತ್ತದೆ. ಹಲವು ಗಂಟೆ ಕಟ್ಟಿಟ್ಟ ಚೀಲವನ್ನು ಬಿಚ್ಚದೆಯೇ ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಶಾಖ ಸಮವಾದ ಮೇಲೆ ಬಿಚ್ಚಿ, ಮೀನನ್ನು ಬಲೆಯಿಂದೆತ್ತಿ ಬೇಗನೆ ಒಳಗೆ ಬಿಡಬೇಕು. ಇದು ನಡೆಯಬೇಕಾದರೆ ತೊಟ್ಟಿಯ ನೀರು ಹಳೆಯ ನೀರಿಗೆ ಹತ್ತಿರವಾಗಿರಬೇಕು. ಒಯ್ದ ಆ ಮೂರನೆಯ ಪಾಲು ಉಪಯೋಗಕ್ಕೆ ಬರುವುದು ಇಲ್ಲಿಯೇ. ಚೀಲದ ನೀರನ್ನು ಚೆಲ್ಲಿಬಿಡಿ.

ಮುಂದಿನ ಒಂದೆರಡು ವಾರ ಆಹಾರ ಮಿತವಾಗಿರಲಿ. ಅಮೋನಿಯವನ್ನು ಬಣ್ಣದಿಂದ ತೋರಿಸುವ ಪರೀಕ್ಷಾದ್ರವ ಅಂಗಡಿಗಳಲ್ಲಿ ದೊರೆಯುತ್ತದೆ. ದಿನಕ್ಕೊಮ್ಮೆ ನೋಡಿ, ಕಂಡುಬಂದರೆ ಕಾಲುಭಾಗ ನೀರು ಬದಲಾಯಿಸಿ.

ಎರಡನೆಯ ಸಲ ನಾವು ಬೆಂಗಳೂರಿನೊಳಗೇ ಮನೆ ಬದಲಾಯಿಸಿದೆವು. ಸಾಮಾನು ಲಾರಿಯಲ್ಲಿ ಹೋಯಿತು. ಸ್ಪಂಜಿನ ಬಕೆಟ್ಟನ್ನು ಕಾಲುಗಳ ನಡುವೆ ಇಟ್ಟುಕೊಂಡು ನಾನು ಆಟೋರಿಕ್ಷಾದಲ್ಲಿ ಕುಳಿತೆನು. ಪಕ್ಕದಲ್ಲಿ ದೇವರಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನನ್ನ ತಾಯಿಯವರು ಬಕೆಟ್ಟಿನೊಳಗೆ ಇಣಿಕಿ ನೋಡಿ, “ಇದೇನಪ್ಪಾ, ಈ ಕೊಳಕಿಗೆ ಇಷ್ಟು ಉಪಚಾರ?” ಎಂದು ಕೇಳಿದರು. ಹದಿಮೂರು ಮೀನುಗಳಿದ್ದವು, ತಿಂಗಳ ಕೊನೆಗೂ ಹದಿಮೂರೇ ಇದ್ದವು.