ಹೆಬ್ಬಟ್ಟಿನ ಮುಂದೆ ಮುಚ್ಚಿದ ಬಾಗಿಲು

ಅಜ್ಜಿ ಸೆರಗಿನ ತುದಿಗೆ ಹೆಬ್ಬೆರಳು ಒರೆಸಿ ಮೂರನೇ ಸಲ ಗಾಜಿನ ಮೇಲೆ ಇಡುತ್ತಾಳೆ. ಗಾಜಿನೊಳಗೆ ಹೊತ್ತಬೇಕಾದ ಬೆಳಕು ಹೊತ್ತುವುದಿಲ್ಲ. “ಆಯಿ, ಇನ್ನೊಮ್ಮಿ ಇಡ್ರಿ” ಎನ್ನುತ್ತಾನೆ ಕಂಪ್ಯೂಟರಿನ ಮುಂದಿನ ಹುಡುಗ. “ಯಾಕೋ ತಮ್ಮಾ, ಕಬ್ಬ ಕಡದು ಕಡದು ಬಟ್ಟ ಸವದಾವೇನು?” ಎಂದು ಅಜ್ಜಿ ತನ್ನ ಬೆರಳನ್ನೇ ಅನುಮಾನದಿಂದ ನೋಡಿಕೊಳ್ಳುತ್ತಾಳೆ.

ಬೆರಳು ಸವೆದಿಲ್ಲ. ಯಂತ್ರವೂ ಕೆಟ್ಟಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸೇವಾ ಕೇಂದ್ರಗಳಲ್ಲಿ, ರೇಷನ್ ಅಂಗಡಿಗಳಲ್ಲಿ ಇಂಥ ಗಳಿಗೆ ಹೊಸದಲ್ಲ. ಹುಡುಗ ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಹಚ್ಚುತ್ತಾನೆ. ಆ ಕಡೆಯಿಂದ ಬರುವ ಉತ್ತರ ಬಹುತೇಕ ಒಂದೇ: “ಫೈರ್‌ವಾಲ್ ಆಫ್ ಮಾಡ್ರಿ, ನಡೀತೈತಿ.” ಆಫ್ ಮಾಡಿದರೆ ನಿಜಕ್ಕೂ ನಡೆಯುತ್ತದೆ. ಬೆಳಕು ಹೊತ್ತುತ್ತದೆ, ಬೆರಳಚ್ಚು ಹೋಗುತ್ತದೆ, ಸಾಲು ಮುಂದೆ ಸರಿಯುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಅದನ್ನು ಮತ್ತೆ ಆನ್ ಮಾಡಬೇಕೆಂಬುದು ಯಾರಿಗೂ ನೆನಪಾಗುವುದಿಲ್ಲ. ಮರುದಿನವೂ ಇಲ್ಲ, ಮುಂದಿನ ವರ್ಷವೂ ಇಲ್ಲ.

ಅಜ್ಜಿ ಬೆರಳಿಟ್ಟ ಆ ಅರ್ಧ ನಿಮಿಷದಲ್ಲಿ ಕಂಪ್ಯೂಟರಿನೊಳಗೆ ಏನು ನಡೆಯುತ್ತದೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಬೆರಳಚ್ಚು ಯಂತ್ರದ ಜತೆಗೆ ‘ಆರ್‌ಡಿ ಸರ್ವಿಸ್’ ಎಂಬ ಪುಟ್ಟ ಪ್ರೋಗ್ರಾಂ ಬರುತ್ತದೆ. ಯಾರದೋ ಹಳೆಯ ಬೆರಳಚ್ಚನ್ನು ಉಳಿಸಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಮೋಸ ತಡೆಯಲು ಆಧಾರ್ ಪ್ರಾಧಿಕಾರ 2017ರಲ್ಲಿ ನೋಂದಾಯಿತ ಯಂತ್ರಗಳ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅಂದಿನಿಂದ ಬೆರಳಿನ ಗುರುತು ಗೂಢಲಿಪಿಯಾಗಿಯೇ ಹೊರಗೆ ಹೋಗಬೇಕು. ಸರ್ಕಾರಿ ಜಾಲತಾಣದ ಪುಟ ಬೆರಳು ಕೇಳುವ ಮುನ್ನ ಅದೇ ಕಂಪ್ಯೂಟರಿನ ಬಾಗಿಲುಗಳನ್ನು, ಅಂದರೆ ಪೋರ್ಟುಗಳನ್ನು, ಒಂದೊಂದಾಗಿ ತಟ್ಟುತ್ತದೆ. 11100ನೇ ಪೋರ್ಟಿನಿಂದ ಶುರುಮಾಡಿ 11120ರವರೆಗೆ, ಆರ್‌ಡಿ ಸರ್ವಿಸ್ ಎಲ್ಲಿ ಕೂತಿದೆ ಎಂದು ಹುಡುಕುತ್ತದೆ. ಸಿಕ್ಕ ಕಡೆ ‘ರೆಡಿ’ ಎಂಬ ಉತ್ತರ ಬರಬೇಕು.

ಈ ‘ರೆಡಿ’ ಎನ್ನಲು ಆರ್‌ಡಿ ಸರ್ವಿಸ್‌ಗೆ ಇನ್ನೊಂದು ಕೆಲಸ ಆಗಿರಬೇಕು. ಯಂತ್ರ ತಯಾರಿಸಿದ ಕಂಪನಿಯ ಸರ್ವರನ್ನು ಇಂಟರ್ನೆಟ್ ಮೂಲಕ ಮುಟ್ಟಿ, ತಾನು ನೋಂದಣಿಯಾದ ಯಂತ್ರವೇ ಹೌದೆಂದು ತೋರಿಸಿ, ಗೂಢಲಿಪಿಯ ಕೀಲಿಯನ್ನು ಹೊಸದು ಮಾಡಿಕೊಂಡಿರಬೇಕು. ಆ ದಾರಿಯನ್ನು ಕಂಪ್ಯೂಟರಿನ ಕಾವಲುಗಾರನಾದ ಫೈರ್‌ವಾಲ್ ಮುಚ್ಚಿದ್ದರೆ ಬರುವುದು ‘ನಾಟ್ ರೆಡಿ’. ಅಜ್ಜಿ ಎಷ್ಟು ಸಲ ಬೆರಳು ಒರೆಸಿದರೂ ಅಷ್ಟೇ.

ವಿಂಡೋಸ್ ಜತೆಗೇ ಬರುವ ಫೈರ್‌ವಾಲ್ ಹೊರಗೆ ಹೋಗುವ ಪ್ರೋಗ್ರಾಂಗಳನ್ನು ಯಾರಾದರೂ ನಿಯಮ ಬರೆದು ತಡೆಯದ ಹೊರತು ತಾನಾಗಿ ತಡೆಯುವುದಿಲ್ಲ; ಹೊರಗಿನಿಂದ ಒಳಬರುವವರನ್ನು ಮಾತ್ರ ನಿಲ್ಲಿಸುತ್ತದೆ. ಹಾಗಾಗಿ ಬೆರಳಚ್ಚಿನ ತಂಟೆಯಲ್ಲಿ ಅಡ್ಡ ನಿಲ್ಲುವುದು ಹೆಚ್ಚಾಗಿ ಆಂಟಿವೈರಸ್ ಜತೆ ಬಂದ ಇನ್ನೊಂದು ಫೈರ್‌ವಾಲ್. ಪುಣೆಯ ಕ್ವಿಕ್ ಹೀಲ್ ಇರಲಿ, ಚೆನ್ನೈನ ಕೆ7 ಇರಲಿ, ಹೊರದೇಶದ್ದಿರಲಿ, ದೊಡ್ಡ ಪ್ಯಾಕೇಜುಗಳಲ್ಲಿ ಫೈರ್‌ವಾಲ್ ಸೇರಿಕೊಂಡೇ ಇರುತ್ತದೆ. ಅದು ಬಂದ ಕೂಡಲೇ ಸಾಮಾನ್ಯವಾಗಿ ವಿಂಡೋಸಿನದು ಪಕ್ಕಕ್ಕೆ ಸರಿಯುತ್ತದೆ. ಇದು ಗೊತ್ತಿಲ್ಲದೆ ವಿಂಡೋಸ್ ಫೈರ್‌ವಾಲ್ ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿ ದಿನ ಕಳೆದವರಿದ್ದಾರೆ. ಯಾವುದು ಕಾವಲಿಗಿದೆ ಎಂದು ‘ವಿಂಡೋಸ್ ಸೆಕ್ಯುರಿಟಿ’ಯ ಫೈರ್‌ವಾಲ್ ಪುಟ ತೆರೆದು ಮೊದಲು ನೋಡಬೇಕು. ಆಮೇಲೆ ಆ ಕಾವಲುಗಾರನ ಪ್ರೋಗ್ರಾಂ ಪಟ್ಟಿಗೆ ಹೋಗಿ ಆರ್‌ಡಿ ಸರ್ವಿಸ್ ಎದುರು ‘ಅಲೋ’ ಎಂದು ಬದಲಿಸಬೇಕು. ಎರಡು ನಿಮಿಷದ ಕೆಲಸ. ಉಳಿದ ಬಾಗಿಲುಗಳೆಲ್ಲ ಇದ್ದಂತೆಯೇ ಇರುತ್ತವೆ.

ಘಟಪ್ರಭೆಯ ಕಾಲುವೆ ನೀರಿನಲ್ಲಿ ಬೆಳೆ ತೆಗೆಯುವ ರೈತರಿಗೆ ತೂಬು ತೆಗೆಯುವುದಕ್ಕೂ ಏರಿ ಒಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ಹೊಲಕ್ಕೆ ನೀರು ಬೇಕೆಂದು ಕಾಲುವೆಯನ್ನೇ ಒಡೆದರೆ ಊರು ಸುಮ್ಮನಿರುವುದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಅದೇ ಕೆಲಸ ದಿನವೂ ಆಗುತ್ತಿದೆ. ಒಡೆದದ್ದು ಕಣ್ಣಿಗೆ ಕಾಣದ ಕಾರಣ ಕೇಳುವವರಿಲ್ಲ.

ಜಿಎಸ್‌ಟಿ ರಿಟರ್ನ್ ತುಂಬುವ ಕಚೇರಿಗಳಲ್ಲಿಯೂ ಇಂಥದೇ ಕಥೆ. ಡಿಜಿಟಲ್ ಸಹಿಗೆ ಬೇಕಾದ ಇಎಂಸೈನರ್ ಎಂಬ ಪ್ರೋಗ್ರಾಂ ಅದೇ ಕಂಪ್ಯೂಟರಿನ 1585ನೇ ಪೋರ್ಟಿನಲ್ಲಿ ಕಾದು ಕೂತಿರುತ್ತದೆ. ಬ್ರೌಸರಿಗೂ ಅದಕ್ಕೂ ಮಾತುಕತೆ ತಪ್ಪಿತೆಂದರೆ ಸಹಿ ಬೀಳುವುದಿಲ್ಲ. ರಿಟರ್ನಿನ ಕೊನೆಯ ದಿನ ಸಂಜೆ ಹಾಗಾದರೆ ‘ಆಫ್ ಮಾಡ್ರಿ’ ಎಂಬ ಸಲಹೆ ಎಷ್ಟು ಸಿಹಿಯಾಗಿ ಕೇಳಿಸುತ್ತದೆ ಎಂಬುದನ್ನು ಅಲ್ಲಿ ಕೂತವರೇ ಬಲ್ಲರು.

ಒಂದೊಂದು ಪ್ರೋಗ್ರಾಂ ಹೊರಗೆ ಹೋಗುವಾಗಲೂ ಮಾಲೀಕನನ್ನು ಕೇಳಿಯೇ ಹೋಗಬೇಕು ಎಂಬ ಪದ್ಧತಿಯನ್ನು ಜನಸಾಮಾನ್ಯರ ಕಂಪ್ಯೂಟರಿಗೆ ತಂದು ಹೆಸರಾದದ್ದು ಅಮೆರಿಕದ ಜೋನ್ ಲ್ಯಾಬ್ಸ್ ಕಂಪನಿಯ ‘ಜೋನ್ ಅಲಾರ್ಮ್’. 2000ನೇ ಇಸವಿಯ ಹೊತ್ತಿಗೆ ಮನೆಬಳಕೆಗೆ ಉಚಿತವಾಗಿ ಸಿಗುತ್ತಿದ್ದ ಈ ಪ್ರೋಗ್ರಾಂ, ಪರಿಚಯವಿಲ್ಲದವರು ಇಂಟರ್ನೆಟ್‌ಗೆ ಹೊರಟಾಗಲೆಲ್ಲ ಪರದೆಯ ಮೂಲೆಯಲ್ಲಿ ಚೀಟಿ ತೆರೆದು, ಬಿಡಲೇ ಬೇಡವೇ ಎಂದು ಕೇಳುತ್ತಿತ್ತು. 2004ರಲ್ಲಿ ಇಸ್ರೇಲಿನ ಚೆಕ್ ಪಾಯಿಂಟ್ ಆ ಕಂಪನಿಯನ್ನೇ ಕೊಂಡಿತು. ವಿಂಡೋಸ್ ಎಕ್ಸ್‌ಪಿಯಲ್ಲಿ 2001ರಿಂದಲೇ ಒಂದು ಫೈರ್‌ವಾಲ್ ಇದ್ದರೂ ಅದನ್ನು ಆಫ್ ಸ್ಥಿತಿಯಲ್ಲೇ ಕೊಡಲಾಗುತ್ತಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್, 2004ರ ವಸಂತದಲ್ಲಿ ಸ್ಯಾಸರ್ ಎಂಬ ಹುಳುಗಳು, ಯಾರೂ ಏನನ್ನೂ ಕ್ಲಿಕ್ ಮಾಡದಿದ್ದರೂ, ತೆರೆದ ಪೋರ್ಟುಗಳ ಮೂಲಕ ಲಕ್ಷಾಂತರ ಕಂಪ್ಯೂಟರ್ ಹೊಕ್ಕವು. ಆ ಪೆಟ್ಟು ತಿಂದ ಮೇಲೆ, 2004ರ ಆಗಸ್ಟ್‌ನಲ್ಲಿ ಬಂದ ಸರ್ವಿಸ್ ಪ್ಯಾಕ್ 2 ಫೈರ್‌ವಾಲನ್ನು ಆನ್ ಮಾಡಿಯೇ ಕೊಟ್ಟಿತು. ಇಂದು ಫೋನಿನಲ್ಲಿ ಒಂದು ಮಾತಿಗೆ ಆಫ್ ಆಗುವ ಗುಂಡಿಯ ಹಿಂದೆ ಇಷ್ಟು ಅನುಭವವಿದೆ.

ಈಗ ಗೋಕಾಕದ ಅಂಗಡಿಯೊಂದರ ಒಳಗೆ ಹೋಗೋಣ. ಕರದಂಟಿನ ವ್ಯಾಪಾರವೆಂದುಕೊಳ್ಳಿ, ಗೊಬ್ಬರದ ಅಂಗಡಿಯೆಂದುಕೊಳ್ಳಿ. ಎರಡು ಕಂಪ್ಯೂಟರ್, ಎರಡರಲ್ಲೂ ಲೆಕ್ಕ ಬರೆಯುವ ಟ್ಯಾಲಿ. ಮುಂದಿನ ಗಲ್ಲೆಯಲ್ಲಿ ಬಿಲ್ಲು, ಒಳಗಿನ ಕೋಣೆಯಲ್ಲಿ ಲೆಕ್ಕ. ಲೆಕ್ಕದ ಕಡತಗಳೆಲ್ಲ ಒಳಗಿನ ಕಂಪ್ಯೂಟರಿನಲ್ಲಿ. ಮುಂದಿನದು ವಿಂಡೋಸಿನ ಫೈಲ್ ಶೇರಿಂಗ್ ಮೂಲಕ ಅವನ್ನು ತೆರೆಯುತ್ತದೆ. ಟ್ಯಾಲಿಯ ಪರವಾನಗಿ 9999ನೇ ಪೋರ್ಟಿನಲ್ಲಿ, ಫೈಲ್ ಶೇರಿಂಗ್ 445ನೇ ಪೋರ್ಟಿನಲ್ಲಿ. ಇಲ್ಲಿ ಆರ್‌ಡಿ ಸರ್ವಿಸ್‌ಗಿಂತ ಲೆಕ್ಕ ಬೇರೆ: ಒಳಗಿನ ಕಂಪ್ಯೂಟರ್ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳಬೇಕು. ವಿಂಡೋಸ್ ಫೈರ್‌ವಾಲ್ ನಿಜವಾಗಿ ಕಾಯುವುದು ಇದೇ ಬಾಗಿಲನ್ನು.

445 ಎಂಬ ಸಂಖ್ಯೆಗೆ ಒಂದು ಕಹಿ ನೆನಪು ಅಂಟಿಕೊಂಡಿದೆ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಒತ್ತೆ ವೈರಸ್ ಹರಡಿದ್ದು ಈ ಪೋರ್ಟಿನಿಂದಲೇ. ಮೈಕ್ರೋಸಾಫ್ಟ್ ಎರಡು ತಿಂಗಳ ಮುಂಚೆಯೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದ ಎಷ್ಟೋ ಜನರ ಕಡತಗಳಿಗೆಲ್ಲ ಬೀಗ ಬಿದ್ದು, ಬಿಡಿಸಲು ಬಿಟ್‌ಕಾಯಿನ್ ಕೇಳುವ ಕೆಂಪು ಕಿಟಕಿ ಎದುರು ನಿಂತಿತು. ಬ್ರಿಟನ್ನಿನ ಆಸ್ಪತ್ರೆಗಳಷ್ಟೇ ಅಲ್ಲ, ನಮ್ಮ ನೆರೆಯ ಕೇರಳದ ವಯನಾಡಿನ ಪಂಚಾಯತಿ ಕಚೇರಿಯ ಕಂಪ್ಯೂಟರುಗಳಿಗೂ ಅದು ಬಡಿಯಿತು. ರೂಟರಿನ ಹಿಂದಿರುವ ಅಂಗಡಿಗೆ ಹೊರಗಿನಿಂದ ನೇರ ದಾರಿ ಸಾಮಾನ್ಯವಾಗಿ ಇರುವುದಿಲ್ಲ, ನಿಜ. ಆದರೆ ರೋಗ ಹಿಡಿದ ಒಂದು ಲ್ಯಾಪ್‌ಟಾಪ್ ಅದೇ ವೈಫೈಗೆ ಸೇರಿದರೆ ಸಾಕು. ಫೈರ್‌ವಾಲ್ ಆಫ್ ಆಗಿರುವ ಕಂಪ್ಯೂಟರ್ ಅದಕ್ಕೆ ತಡೆಯಿಲ್ಲದೆ ಸಿಗುತ್ತದೆ. ವರ್ಷಗಳ ಉದ್ರಿ ಲೆಕ್ಕ ಇರುವುದು ಅದರಲ್ಲೇ.

“ನಿನ್ನಿ ಮಟಾ ನಡೀತಿತ್ರಿ, ಇವತ್ತ ಬರವಲ್ದು” ಎಂಬ ದೂರಿಗೆ ಮೂಲ ಎಷ್ಟೋ ಸಲ ಸಣ್ಣದು. ವಿಂಡೋಸ್ ಪ್ರತಿ ನೆಟ್‌ವರ್ಕಿಗೂ ಪ್ರೈವೇಟ್ ಅಥವಾ ಪಬ್ಲಿಕ್ ಎಂಬ ಹಣೆಪಟ್ಟಿ ಹಚ್ಚುತ್ತದೆ. ಪ್ರೈವೇಟ್ ಎಂದರೆ ನಮ್ಮವರೇ ಇರುವ ಮನೆ, ಅಂಗಡಿ. ಪಬ್ಲಿಕ್ ಎಂದರೆ ಯಾರು ಬೇಕಾದರೂ ಇರಬಹುದಾದ ಜಾಗ. ಬ್ರಾಡ್‌ಬ್ಯಾಂಡ್ ಕೈಕೊಟ್ಟ ದಿನ ಹುಡುಗರು ಫೋನಿನ ಹಾಟ್‌ಸ್ಪಾಟ್ ಹಚ್ಚಿ ಎರಡೂ ಕಂಪ್ಯೂಟರನ್ನು ಅದಕ್ಕೆ ಸೇರಿಸುತ್ತಾರೆ. ವಿಂಡೋಸ್‌ಗೆ ಅದು ಗುರುತಿಲ್ಲದ ಹೊಸ ನೆಟ್‌ವರ್ಕ್. ಸಾಮಾನ್ಯವಾಗಿ ಪಬ್ಲಿಕ್ ಎಂದೇ ಎಣಿಸುತ್ತದೆ. ಪ್ರೈವೇಟ್‌ಗೆಂದು ಕೊಟ್ಟ ಅನುಮತಿ ಅಲ್ಲಿ ನಡೆಯುವುದಿಲ್ಲ, ಟ್ಯಾಲಿಯ ಕೊಂಡಿ ಕಡಿಯುತ್ತದೆ. ನೆಟ್‌ವರ್ಕಿನ ಹೆಸರಿನ ಮೇಲೆ ಒತ್ತಿ ಅದನ್ನು ಪ್ರೈವೇಟ್ ಮಾಡಿದರೆ ಕೆಲಸ ಮುಗಿಯಿತು. ಫೈರ್‌ವಾಲನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಹೊಸ ಯಂತ್ರಕ್ಕೆ ಹೆದರಿದ ಸೀಮೆಯಲ್ಲ ಇದು. ಗೋಕಾಕ ಜಲಪಾತದ ಬಲದಿಂದ 1887ರಲ್ಲೇ ನೂಲಿನ ಗಿರಣಿ ತಿರುಗಿತ್ತು. ಗ್ರಾಮೀಣ ವಿದ್ಯುತ್ತಿಗಾಗಿ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಮೊದಲ ಐದು ಸಹಕಾರ ಸಂಘಗಳಲ್ಲಿ 1969ರ ಹುಕ್ಕೇರಿಯ ಸಂಘವೂ ಒಂದು. ಈಗ ಸರದಿ ಊರೂರಿನ ಪಿಕೆಪಿಎಸ್‌ಗಳದು. ದೇಶದ ಇಂಥ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರಲು 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೈತರ ಬೆಳೆಸಾಲ, ಶೇರು, ಠೇವಣಿಯ ಲೆಕ್ಕ ಸಂಘದ ಕಾರ್ಯದರ್ಶಿಯ ಮೇಜಿನ ಕಂಪ್ಯೂಟರಿನಿಂದಲೇ ಹೋಗಬೇಕು. ಆ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಹೊರಗೆ ಹೋಗಬೇಕು, ಯಾವುದು ಹೋಗಬಾರದು ಎಂದು ಹೇಳಿಕೊಡುವವರು ಯಾರು? ಯಂತ್ರ ಕೊಡುವವರು, ಸಾಫ್ಟ್‌ವೇರ್ ಕೊಡುವವರು ತರಬೇತಿಯಲ್ಲಿ ಅರ್ಧ ಗಂಟೆಯನ್ನು ಇದಕ್ಕೇ ಎತ್ತಿಡಬೇಕು.

ಆಯ್ಕೆ ಮಾಡುವುದು ಅಂಥ ಕಷ್ಟವೂ ಅಲ್ಲ. ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪ್ ಮಾಡಲು, ಪಾಸ್‌ಪೋರ್ಟ್ ಅಳತೆಗೆ ಫೋಟೊ ಕತ್ತರಿಸಲು ಇಂಟರ್ನೆಟ್ ಬೇಕಿಲ್ಲ. ಬ್ರೌಸರಿಗೆ ಬೇಕು, ಆರ್‌ಡಿ ಸರ್ವಿಸ್‌ಗೆ ಬೇಕು, ಇ-ಇನ್‌ವಾಯ್ಸ್ ಕಳಿಸುವ ಟ್ಯಾಲಿಗೆ ಬೇಕು. ನಿನ್ನೆ ಯಾವುದೋ ತಾಣದಿಂದ ಪುಕ್ಕಟೆ ಇಳಿಸಿಕೊಂಡ, ಫೈಲಿನ ಗಾತ್ರ ಇಳಿಸುವ ಪ್ರೋಗ್ರಾಂ ಇವತ್ತು ಹೊರಗೆ ಹೋಗಲು ಅಪ್ಪಣೆ ಕೇಳಿದರೆ, ಯಾಕೆ ಎಂದು ಕೇಳುವ ಹಕ್ಕು ಅಂಗಡಿಯವನಿಗಿದೆ. ಹೆಸರು ನೋಡಿ ಮೋಸ ಹೋಗಬಾರದು. ‘ಎಸ್‌ವಿಸಿ ಹೋಸ್ಟ್’ ವಿಂಡೋಸಿನದೇ ಕೆಲಸಗಾರ. ಅದರ ಮನೆ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32. ಅದೇ ಹೆಸರಿನದು ಡೌನ್‌ಲೋಡ್ಸ್ ಫೋಲ್ಡರಿನಿಂದ ಎದ್ದು ಬಂದರೆ ಅದು ಬೇರೆ ಯಾರೋ.

ಫೈರ್‌ವಾಲಿಗೂ ಒಂದು ಮಿತಿಯಿದೆ. ಮಾಲೀಕನೇ ಕೈಹಿಡಿದು ಕರೆತಂದವರನ್ನು ಅದು ತಡೆಯಲಾರದು. ದೂರದಿಂದ ರಿಪೇರಿ ಮಾಡುವವರಿಗಾಗಿ ಎನಿಡೆಸ್ಕ್ ಹಾಕಿಕೊಳ್ಳುವುದು ಈಗ ಎಲ್ಲ ಕಡೆ ರೂಢಿ. ಇಂಥ ಆ್ಯಪ್‌ಗಳ ಮೂಲಕ ಬ್ಯಾಂಕ್ ಖಾತೆಗೆ ಕೈಹಾಕುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಪ್ರೋಗ್ರಾಂ ಕೆಟ್ಟದ್ದಲ್ಲ, ಆ ಕಡೆ ಕೂತವರು ಯಾರು ಎಂಬುದು ಫೈರ್‌ವಾಲಿಗೆ ಕಾಣುವುದಿಲ್ಲ. ಗುರುತಿನ ರಿಪೇರಿಯವರೇ ಆದರೂ, ಅವರ ಕೆಲಸ ಮುಗಿದ ಕೂಡಲೇ ಅದನ್ನು ಮುಚ್ಚಿ, ಅನುಮತಿಯನ್ನೂ ತೆಗೆದುಹಾಕುವುದು ಲೇಸು.

ಇನ್ನು ಉಳಿದದ್ದು ಭಾಷೆಯ ಮಾತು. ಹೊರಗಿನವರಿಗೆ ಕಿವಿಗೊಡುವ ಪ್ರೋಗ್ರಾಂ ಮೊದಲ ಸಲ ಎದ್ದಾಗ ವಿಂಡೋಸ್ ಒಂದು ಕಿಟಕಿ ತೆರೆಯುತ್ತದೆ. ವಿಂಡೋಸ್ 10ರಲ್ಲಿ ಅದರೊಳಗೆ ಎರಡು ಚೌಕ, ಪ್ರೈವೇಟ್‌ಗೊಂದು, ಪಬ್ಲಿಕ್‌ಗೊಂದು. ಕೆಳಗೆ ‘ಅಲೋ ಆಕ್ಸೆಸ್’ ಮತ್ತು ‘ಕ್ಯಾನ್ಸಲ್’. ಪಬ್ಲಿಕ್‌ಗೆ ಕೊಡುವ ಉದಾಹರಣೆ ವಿಮಾನ ನಿಲ್ದಾಣ, ಕಾಫಿ ಶಾಪ್. ಮೂಡಲಗಿಯ ಅಂಗಡಿಯಲ್ಲಿ ಕೂತ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಆ ಇಂಗ್ಲಿಷೂ ಆ ಉದಾಹರಣೆಯೂ ದೂರದವು. ವಿಂಡೋಸ್‌ಗೆ ಕನ್ನಡದ ಭಾಷಾ ಪ್ಯಾಕ್ ಇದೆ. ಆದರೆ ಫೋನಿನಲ್ಲಿ ದಾರಿ ಹೇಳುವವರು ಇಂಗ್ಲಿಷ್ ಹೆಸರುಗಳನ್ನೇ ಹೇಳುವುದರಿಂದ ಅದನ್ನು ಹಾಕಿಕೊಳ್ಳುವವರು ಕಡಿಮೆ. ಸಾಲಿನಲ್ಲಿ ಹತ್ತು ಜನ ನಿಂತಿರುವಾಗ ಎದುರಿಗೆ ಬಂದ ಕಿಟಕಿ ಬೇಗ ಹೋದರೆ ಸಾಕು. ಹುಡುಗ ‘ಕ್ಯಾನ್ಸಲ್’ ಒತ್ತುತ್ತಾನೆ.

ಆ ‘ಕ್ಯಾನ್ಸಲ್’ ಬರೀ ಕಿಟಕಿ ಮುಚ್ಚುವುದಿಲ್ಲ. ಆ ಪ್ರೋಗ್ರಾಂನ ಹೆಸರಿನಲ್ಲಿ ತಡೆಯ ನಿಯಮ ಬರೆದಿಟ್ಟು ಹೋಗುತ್ತದೆ, ಮತ್ತೆ ಕೇಳುವುದಿಲ್ಲ. ಆಮೇಲೆ ಯಾರಾದರೂ ಅನುಮತಿಯ ಹೊಸ ನಿಯಮ ಸೇರಿಸಿದರೂ ಹಳೆಯ ತಡೆಯೇ ಗೆಲ್ಲುತ್ತದೆ, ಯಾಕೆಂದರೆ ಎರಡು ನಿಯಮ ಎದುರಾದರೆ ವಿಂಡೋಸ್ ತಡೆಯ ಮಾತನ್ನೇ ಕೇಳುತ್ತದೆ. “ಅಲೋ ಮಾಡೇನ್ರಿ, ಆದ್ರೂ ಬರವಲ್ದು” ಎಂದು ಸೋತು ಫೈರ್‌ವಾಲನ್ನೇ ಆಫ್ ಮಾಡುವುದು ಈ ಹಂತದಲ್ಲಿ.

ಹುಡುಕಿದರೆ ಆ ತಡೆಯ ನಿಯಮ ಸಿಗುತ್ತದೆ. ಫೈರ್‌ವಾಲಿನ ‘ಅಡ್ವಾನ್ಸ್ಡ್ ಸೆಟ್ಟಿಂಗ್ಸ್’ ತೆರೆದು, ಎಡಗಡೆ ‘ಇನ್‌ಬೌಂಡ್ ರೂಲ್ಸ್’ ಒತ್ತಿದರೆ ಉದ್ದನೆಯ ಪಟ್ಟಿ ಬರುತ್ತದೆ. ಅನುಮತಿಗಳ ಪಕ್ಕ ಹಸಿರು ಗುರುತು, ತಡೆಗಳ ಪಕ್ಕ ಕೆಂಪು. ಟ್ಯಾಲಿಯ ಹೆಸರಿನ ಸಾಲುಗಳ ನಡುವೆ ಎರಡು ಕೆಂಪು ಗುರುತು ಕಂಡರೆ, ಎಂದೋ ಅವಸರದಲ್ಲಿ ಒತ್ತಿದ ‘ಕ್ಯಾನ್ಸಲ್’ ಅದೇ. ಬಲಗುಂಡಿ ಒತ್ತಿ ಎರಡನ್ನೂ ಅಳಿಸಬೇಕು, ಟ್ಯಾಲಿ ಮುಚ್ಚಿ ಮತ್ತೆ ತೆರೆಯಬೇಕು. ಆ ಕಿಟಕಿ ಮತ್ತೆ ಬರುತ್ತದೆ. ಈ ಸಲ ಹುಡುಗ ಓದುತ್ತಾನೆ, ಮೊದಲ ಚೌಕಕ್ಕೆ ಮಾತ್ರ ಗುರುತು ಹಾಕುತ್ತಾನೆ, ‘ಅಲೋ’ ಒತ್ತುತ್ತಾನೆ. ಮುಂದಿನ ಗಲ್ಲೆಯಲ್ಲಿ ಬಿಲ್ಲು ಹರಿಯುವ ಸಪ್ಪಳ ಕೇಳುತ್ತದೆ.